ಹಳೇ ಮದುವೆ ಡಿವಿಡಿಯ ಸ್ಟೀರಿಯೋ ಸೌಂಡನ್ನು 5.1 ಮಾಡಬಹುದಾ?

ಪ್ರಶ್ನೆ: 2003ರಲ್ಲಿ ದಾವಣಗೆರೆಯಲ್ಲೇ ನಮ್ಮ ಅಕ್ಕನ ಮದುವೆ ಆಯ್ತು. ಅದರ ವಿಡಿಯೋ ಡಿವಿಡಿಯಲ್ಲಿದೆ. ಈಗ ಮನೆಗೆ ಹೋಮ್ ಥಿಯೇಟರ್ ತಂದಿದ್ದೇವೆ. ಡಿಸ್ಕ್ ಹಾಕಿದರೆ ಮುಂದಿನ ಎರಡು ಸ್ಪೀಕರ್‌ಗಳಲ್ಲಿ ಮಾತ್ರ ಸೌಂಡ್ ಬರುತ್ತೆ, ಹಿಂದಿನವು ಸುಮ್ಮನಿರುತ್ತವೆ. ಇದನ್ನು 5.1 ಮಾಡಿ ಹೊಸ ಡಿಸ್ಕ್ ರೈಟ್ ಮಾಡಬಹುದಾ?
– ಓದುಗರು, ವಿದ್ಯಾನಗರ, ದಾವಣಗೆರೆ

ಉತ್ತರ: ಮಾಡಬಹುದು. 5.1 ಅಂದರೆ ಮುಂದೆ ಎಡ, ನಡು, ಬಲ, ಹಿಂದೆ ಎಡ, ಬಲ ಹೀಗೆ ಐದು ಚಾನೆಲ್, ಜೊತೆಗೆ ಬೇಸ್‌ಗೆ (ಗುಡುಗುಡು ಎನ್ನುವ ತಗ್ಗು ಸದ್ದಿಗೆ) ಒಂದು. ಆದರೆ ಮನೆಯಲ್ಲಿ ನೀವಷ್ಟೇ ನೋಡೋದಾದರೆ ಡಿಸ್ಕ್ ಮುಟ್ಟೋದೇ ಬೇಡ. ಹೋಮ್ ಥಿಯೇಟರ್ ರಿಮೋಟ್‌ನಲ್ಲಿ ಸರೌಂಡ್ ಬಟನ್ ಹುಡುಕಿ. ಪ್ರೊ ಲಾಜಿಕ್ 2 ಎಂದು ಬಂದರೆ ಅದನ್ನೇ ಇಟ್ಟುಕೊಳ್ಳಿ. ಸೌಂಡ್ ತಂತ್ರಜ್ಞಾನದ ಕಂಪನಿ ಡಾಲ್ಬಿಯವರು 2000ದಲ್ಲಿ ತಂದದ್ದು ಅದು. ಎರಡು ಚಾನೆಲ್ ಸೌಂಡನ್ನು ಪ್ಲೇ ಆಗುವಾಗಲೇ ಐದು ಸ್ಪೀಕರಿಗೆ ಹಂಚುತ್ತೆ, ಹಳೇ ಡಿಸ್ಕ್ ಹಾಗೇ ಉಳಿಯುತ್ತೆ. ನೆಂಟರಿಗೂ ಕಾಪಿ ಕೊಡಬೇಕು, ಡಿಸ್ಕಿನಲ್ಲೇ 5.1 ಇರಬೇಕು ಅಂದರೆ ಮುಂದೆ ಓದಿ.

ಮೊದಲು ನಿಮ್ಮದು ನಿಜವಾದ ಸ್ಟೀರಿಯೋ ಹೌದೋ ಅಲ್ವೋ ನೋಡಿ. ಮದುವೆ ವಿಡಿಯೋಗಳಲ್ಲಿ ಎಷ್ಟೋ ಸಲ ಒಂದೇ ಮೈಕಿನ ಸೌಂಡ್ ಎರಡೂ ಕಡೆ ಇರುತ್ತೆ. ಆಡಾಸಿಟಿ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಆಡಿಯೋ ತೆರೆಯಿರಿ. ಎಡ, ಬಲ ಎರಡನ್ನೂ ಬೇರೆ ಮಾಡಿ, ಎರಡನ್ನೂ ಮೋನೋ ಟ್ರ್ಯಾಕ್ ಮಾಡಿ. ಒಂದನ್ನು ಇನ್ವರ್ಟ್ ಮಾಡಿ (ಅಂದರೆ ಅದರ ಅಲೆಯನ್ನು ತಲೆಕೆಳಗು ಮಾಡಿ) ಎರಡನ್ನೂ ಒಟ್ಟಿಗೆ ಪ್ಲೇ ಮಾಡಿ. ಒಂದರಿಂದ ಇನ್ನೊಂದನ್ನು ಕಳೆದ ಹಾಗೆ ಅದು. ಪೂರ್ತಿ ನಿಶ್ಶಬ್ದವಾದರೆ ಅದು ಮೋನೋ, ಅಂದರೆ ಎರಡೂ ಕಡೆ ಒಂದೇ ಸೌಂಡ್. ಅದರಿಂದ ಹಿಂದಿನ ಸ್ಪೀಕರಿಗೆ ಕೊಡೋಕೆ ಬೇರೆ ಸೌಂಡೇ ಇಲ್ಲ. ಏನೇ ಮಾಡಿದರೂ ಅದು ಕೃತಕ ಎಕೋ ಸೇರಿಸಿದ ಹಾಗೆ. ಅಲ್ಲಿಗೇ ನಿಲ್ಲಿಸಿ ಎಂದೇ ನಾನು ಹೇಳೋದು.

ನಿಶ್ಶಬ್ದವಾಗದೆ ಏನೋ ಉಳಿದರೆ, ಆ ಉಳಿದದ್ದೇ ನಿಮ್ಮ ಬಂಡವಾಳ.

ನಾನು ವಿಡಿಯೋ ಮಿಕ್ಸಿಂಗ್ ಮಾಡುವಾಗ ಒಂದು ಮಾಂಗಲ್ಯಧಾರಣೆಯ ಭಾಗವನ್ನು ಹೀಗೇ ಕೇಳಿದ್ದೆ. ಎಡದಿಂದ ಬಲವನ್ನು ಕಳೆದ ಕೂಡಲೇ ಪುರೋಹಿತರ ಮಂತ್ರ ಹೆಚ್ಚುಕಡಿಮೆ ಮಾಯ. ಅವರು ಕ್ಯಾಮೆರಾ ಎದುರಿಗೇ ಕೂತಿದ್ದರು, ಅವರ ದನಿ ಎರಡೂ ಚಾನೆಲ್‌ನಲ್ಲಿ ಒಂದೇ ಸಮ ಇತ್ತು, ಹಾಗಾಗಿ ಕಳೆದುಹೋಯ್ತು. ಉಳಿದದ್ದು ಮಂಟಪದ ಗುಂಯ್ ಎನ್ನುವ ಪ್ರತಿಧ್ವನಿ, ಪಕ್ಕದಲ್ಲಿ ಯಾರದೋ ಬಳೆ ಸದ್ದು, ದೂರದಲ್ಲಿ ಅಳುತ್ತಿದ್ದ ಮಗು. ಗಟ್ಟಿಮೇಳ ಎದ್ದಾಗ ಡೋಲು ಸಣ್ಣದಾಯ್ತು, ಅದರ ಸದ್ದು ಗೋಡೆಗೆ ಬಡಿದು ವಾಪಸ್ ಬರೋದು ಮಾತ್ರ ಕೇಳಿಸಿತು. ಹಿಂದಿನ ಸ್ಪೀಕರಿಗೆ ಬೇಕಾದದ್ದು ಇದೇ ಅಲ್ವಾ? ಎರಡರಲ್ಲೂ ಒಂದೇ ಸಮ ಇರೋದು ನಡುವಿನ ಸ್ಪೀಕರಿಗೆ, ಎರಡರ ವ್ಯತ್ಯಾಸ ಹಿಂದಿನವಕ್ಕೆ. ಸ್ಟೀರಿಯೋದಿಂದ 5.1 ಮಾಡೋದರ ತಿರುಳೇ ಇದು. ಸಾಫ್ಟ್‌ವೇರ್‌ಗಳು ಇದನ್ನೇ ಇನ್ನೂ ನಾಜೂಕಾಗಿ ಮಾಡುತ್ತವೆ. ಎಫ್ಎಫ್ಎಂಪೆಗ್ ಎಂಬ ಆಡಿಯೋ-ವಿಡಿಯೋ ಸಾಫ್ಟ್‌ವೇರ್‌ನಲ್ಲಿ ಸರೌಂಡ್ ಎಂಬ ಫಿಲ್ಟರ್ ಇದಕ್ಕೆಂದೇ ಇದೆ, ಅದೂ ಉಚಿತ.

ಮೊದಮೊದಲು ನನಗೆ ಇದು ಗೊತ್ತಿರಲಿಲ್ಲ. ಮನೆಯ ಒಂದು ಡಿಸ್ಕಿಗೆ ಮುಂದಿನ ಸೌಂಡನ್ನೇ ಕಾಪಿ ಮಾಡಿ ಹಿಂದಿನ ಸ್ಪೀಕರಿಗೂ ಅಷ್ಟೇ ಜೋರಾಗಿ ಕೊಟ್ಟಿದ್ದೆ. ಅಮ್ಮ ಹಿಂದಿನ ಸ್ಪೀಕರ್ ಪಕ್ಕದಲ್ಲೇ ಕೂತಿದ್ದರು. ಮಂತ್ರ ಶುರುವಾದ ಕೂಡಲೇ ತಿರುಗಿ ನೋಡಿದರು. ಟಿವಿಯಲ್ಲಿ ಪುರೋಹಿತರ ಬಾಯಿ ಆಡುತ್ತಿದೆ, ದನಿ ಬೆನ್ನ ಹಿಂದೆ. ಯಾವ ಕಡೆಯಿಂದ ಸದ್ದು ಮೊದಲು ಬರುತ್ತೋ ಅಲ್ಲಿಂದಲೇ ಬಂತು ಅಂತ ನಮ್ಮ ಕಿವಿ ತೀರ್ಮಾನ ಮಾಡುತ್ತೆ. ಅದಕ್ಕೇ ಹಿಂದಿನ ಚಾನೆಲ್‌ಗಳನ್ನು 15 ಮಿಲಿಸೆಕೆಂಡಿನಷ್ಟು ತಡ ಮಾಡಬೇಕು. ಸದ್ದು ಸುಮಾರು 5 ಮೀಟರ್ ನಡೆಯೋ ಹೊತ್ತು ಅದು. ಜೊತೆಗೆ ವಾಲ್ಯೂಮ್ 6 ಡೆಸಿಬೆಲ್ ತಗ್ಗಿಸಿ, 7 ಕಿಲೋಹರ್ಟ್ಸ್ ಮೇಲಿನ ಕೀರಲು ಸದ್ದನ್ನು ಕತ್ತರಿಸಿ. ಹಿಂದಿನ ಸ್ಪೀಕರ್ ಆಫ್ ಮಾಡಿದಾಗ ಮಾತ್ರ ಅದು ಇತ್ತು ಅಂತ ಗೊತ್ತಾಗಬೇಕು. ಅಷ್ಟಿದ್ದರೆ ಸಾಕು.

5.1ರಲ್ಲಿ ಆ ಕೊನೆಯ 1 ಅನ್ನೋದು 120 ಹರ್ಟ್ಸ್‌ವರೆಗಿನ ಬೇಸ್‌ಗೆ ಇರುವ ಬೇರೆ ಚಾನೆಲ್. ಡೋಲಿನ ಬೇಸನ್ನೆಲ್ಲ ಮುಂದಿನ ಚಾನೆಲ್‌ನಿಂದ ತೆಗೆದು ಇದಕ್ಕೆ ಹಾಕೋಣ ಅನಿಸುತ್ತೆ. ದಯವಿಟ್ಟು ಬೇಡ. ನಿಮ್ಮ ಅಕ್ಕನ ಮನೆಯಲ್ಲಿ ಬರೀ ಟಿವಿ ಇದ್ದರೆ, ಪ್ಲೇಯರ್ ಆರು ಚಾನೆಲ್‌ಗಳನ್ನು ಎರಡಕ್ಕೆ ಇಳಿಸುತ್ತೆ. ಹಾಗೆ ಇಳಿಸುವಾಗ ಸಾಮಾನ್ಯವಾಗಿ ಈ ಬೇಸ್ ಚಾನೆಲನ್ನು ಬಿಟ್ಟೇಬಿಡುತ್ತೆ. ಅಲ್ಲಿ ಡೋಲು ಸಪ್ಪೆಯಾಗುತ್ತೆ. ಈ ಚಾನೆಲನ್ನು ಖಾಲಿ ಬಿಟ್ಟರೂ ತೊಂದರೆ ಇಲ್ಲ. ಸ್ಪೀಕರ್ ಚಿಕ್ಕದು ಅಂತ ಸೆಟ್ಟಿಂಗ್ ಇದ್ದರೆ ಹೋಮ್ ಥಿಯೇಟರ್ ತಾನೇ ಬೇಸನ್ನು ಸಬ್ ವೂಫರಿಗೆ ಕಳಿಸುತ್ತೆ.

ಇನ್ನು ಡಿಸ್ಕಿನ ಲೆಕ್ಕ. ಆಡಿಯೋ 48 ಕಿಲೋಹರ್ಟ್ಸ್ ಇರಬೇಕು. 5.1 ಸೌಂಡನ್ನು ಡಾಲ್ಬಿ ಡಿಜಿಟಲ್ ಎಂಬ ಫಾರ್ಮ್ಯಾಟ್‌ನಲ್ಲಿ ಇಡಿ, ಡಿವಿಡಿಯಲ್ಲಿ ಅದಕ್ಕೆ 448 ಕೆಬಿಪಿಎಸ್ (ಸೆಕೆಂಡಿಗೆ 448 ಕಿಲೋಬಿಟ್) ಗರಿಷ್ಠ, ಅದನ್ನೇ ಇಡಿ. ಗಂಟೆಗೆ ಸುಮಾರು 200 ಎಂಬಿ ಆಗುತ್ತೆ. 4.7 ಜಿಬಿ ಡಿಸ್ಕಿಗೆ ಅದು ಭಾರವಲ್ಲ, ಆದರೆ ಹಳೇ ಡಿಸ್ಕ್ ಈಗಾಗಲೇ ತುಂಬಿದ್ದರೆ ಮೊದಲೇ ನೋಡಿಕೊಳ್ಳಿ. ವಿಡಿಯೋವನ್ನು ಮತ್ತೆ ಎನ್‌ಕೋಡ್ ಮಾಡಬೇಡಿ, ಇದ್ದ ಹಾಗೇ ಕಾಪಿ ಮಾಡಿ. ಎನ್‌ಕೋಡ್ ಮಾಡಿದರೆ ಸುಮ್ನೆ ಚಿತ್ರ ಹಾಳಾಗುತ್ತೆ.

ಚಾನೆಲ್ ಅದಲುಬದಲಾಗೋದು ತುಂಬಾ ಜಾಸ್ತಿ. ಒಂದೊಂದು ಫಾರ್ಮ್ಯಾಟ್ ಒಂದೊಂದು ಕ್ರಮದಲ್ಲಿ ಚಾನೆಲ್ ಜೋಡಿಸುತ್ತೆ. ನಿಮ್ಮ ದನಿಯಲ್ಲೇ "ಮುಂದೆ ಎಡ", "ನಡು", "ಹಿಂದೆ ಬಲ" ಎಂದು ರೆಕಾರ್ಡ್ ಮಾಡಿ. ಒಂದೊಂದನ್ನೂ ಅದರದರ ಚಾನೆಲಿಗೆ ಹಾಕಿ, ಮತ್ತೆ ಮತ್ತೆ ಬರೆಯಬಹುದಾದ ಡಿಸ್ಕಿನಲ್ಲಿ ಒಮ್ಮೆ ಕೇಳಿ. ಅದರ ಜೊತೆಗೇ ಗಟ್ಟಿಮೇಳದ ಐದು ನಿಮಿಷ ಸೇರಿಸಿ. ಮಂತ್ರವೂ ವಾಲಗವೂ ಒಟ್ಟಿಗೆ ಬರೋ ಜಾಗ ಅದು, ತಪ್ಪಿದ್ದರೆ ಅಲ್ಲೇ ಗೊತ್ತಾಗುತ್ತೆ. ಹೋಮ್ ಥಿಯೇಟರಿನಲ್ಲಿ ಕೇಳಿದ ಮೇಲೆ ಅದೇ ಡಿಸ್ಕನ್ನು ಬರೀ ಟಿವಿಯಲ್ಲೂ ಹಾಕಿ. ಅಲ್ಲಿ ಮಾತು ಡಬ್ಬಿಯೊಳಗಿಂದ ಬಂದ ಹಾಗಿದ್ದರೆ, ತಡ ಮಾಡಿದ ಹಿಂದಿನ ಸೌಂಡ್ ಮುಂದಿನದರ ಜೊತೆ ಸೇರಿ ಹಾಗಾಗಿದೆ. ಹಿಂದಿನದನ್ನು ಇನ್ನೂ ತಗ್ಗಿಸಿ.

ಹಳೇ ಸ್ಟೀರಿಯೋವನ್ನು ಮಾತ್ರ ಎಸೆಯಬೇಡಿ. ಇಪ್ಪತ್ತು ವರ್ಷದ ಹಿಂದಿನ ಡಿಸ್ಕಿನಲ್ಲಿ ಈಗ ಇಲ್ಲದವರ ದನಿಯೂ ಇರಬಹುದು. ಅದು ಹೇಗೆ ರೆಕಾರ್ಡ್ ಆಗಿತ್ತೋ ಹಾಗೇ ಒಂದು ಕಡೆ ಇರಲಿ. ಡಿವಿಡಿಯಲ್ಲಿ 8 ಆಡಿಯೋ ಟ್ರ್ಯಾಕ್‌ವರೆಗೆ ಅವಕಾಶ ಇದೆ. ಮೊದಲನೆಯದಾಗಿ ಸ್ಟೀರಿಯೋ, ಎರಡನೆಯದಾಗಿ 5.1 ಇಡಿ. ಬೇಕಾದವರು ರಿಮೋಟಿನ ಆಡಿಯೋ ಬಟನ್ ಒತ್ತಿ ಬದಲಾಯಿಸಿಕೊಳ್ಳುತ್ತಾರೆ.