ಒಂದು ಹಿಡಿ ತೊಗರಿ, ಐದು ನಿಮಿಷದ ಲೆಕ್ಕ

ಪ್ರಾರ್ಥನೆ ಮುಗಿದು, ಹಾಜರಿ ಕೂಗಿ, ಹಾಲು ಕುಡಿದ ಲೋಟಗಳ ಸದ್ದು ಅಡಗುವ ಹೊತ್ತಿಗೆ ನಾನು ಮೇಜಿನ ಖಾನೆಯಿಂದ ಒಂದು ಹಳೆಯ ಗಾಜಿನ ಬಾಟಲಿ ತೆಗೆಯುತ್ತೇನೆ. ಸೇಡಂ ತಾಲ್ಲೂಕಿನ ಒಂದು ಸಣ್ಣ ಊರು ನಮ್ಮದು. ಒಂದನೇ ಮತ್ತು ಎರಡನೇ ತರಗತಿ ಒಂದೇ ಕೋಣೆಯಲ್ಲಿ ಕೂರುತ್ತವೆ. ಬಾಟಲಿಯಲ್ಲಿರುವುದು ತೊಗರಿ ಕಾಳು. ಕಲಬುರಗಿ ಜಿಲ್ಲೆಯಲ್ಲಿ ಶಾಲೆಗೆ ಬೇರೆ ಏನು ಕೊರತೆಯಿದ್ದರೂ ಇದಕ್ಕಂತೂ ಕೊರತೆಯಿಲ್ಲ. ತಟ್ಟೆಯ ಮೇಲೆ ಒಂದಷ್ಟು ಕಾಳು ಚೆಲ್ಲಿ ಎತ್ತಿ ತೋರಿಸುತ್ತೇನೆ. ಮಕ್ಕಳು ಬೆರಳು ಮುಂದೆ ಮಾಡಿ ಎಣಿಸಲು ಶುರುಮಾಡುವ ಮೊದಲೇ ಕರವಸ್ತ್ರ ಮುಚ್ಚಿಬಿಡುತ್ತೇನೆ.

"ಎಷ್ಟ್ ಇದ್ದವು?"

"ಆರ್ ಇದ್ದುವ್ರಿ ಸರ!"

"ಹ್ಯಾಂಗ್ ಗೊತ್ತಾಯ್ತು?"

"ಮೂರ್ ಒಂದ್ ಕಡಿ ಇದ್ದುವ್ರಿ, ಇನ್ನ ಮೂರ್ ಆ ಮೂಲ್ಯಾಗ ಇದ್ದುವ್ರಿ."

ಇನ್ನೊಬ್ಬಳು ಒಪ್ಪುವುದಿಲ್ಲ. ಅವಳಿಗೆ ಕಂಡದ್ದು ನಾಲ್ಕು ಮತ್ತು ಎರಡು. ಇಬ್ಬರೂ ಸರಿ. ಕರವಸ್ತ್ರ ತೆಗೆದು ಎಣಿಸಿದರೆ ಆರು. ಇಷ್ಟಕ್ಕೆ ಎರಡು ನಿಮಿಷ ಹೋಗಿರುತ್ತದೆ. ಇನ್ನೊಂದು ಸಲ ಚೆಲ್ಲಿ, ಇನ್ನೊಂದು ಜಗಳ ಕೇಳಿ, ಬಾಟಲಿ ಖಾನೆಗೆ ಹಾಕಿ ಪಾಠ ಶುರು. ವರ್ಷಪೂರ್ತಿ ಹೀಗೆ, ದಿನಕ್ಕೆ ಐದು ನಿಮಿಷ.

ಈ ಆಟವನ್ನು 1871ರಲ್ಲಿ ಇಂಗ್ಲೆಂಡಿನಲ್ಲಿ ಒಬ್ಬ ಅರ್ಥಶಾಸ್ತ್ರಜ್ಞ ತನ್ನ ಮೇಲೆ ತಾನೇ ಆಡಿಕೊಂಡಿದ್ದ. ಹೆಸರು ವಿಲಿಯಂ ಸ್ಟ್ಯಾನ್ಲಿ ಜೆವನ್ಸ್. ಕಪ್ಪು ತಟ್ಟೆಯ ನಡುವೆ ಬಿಳಿ ಕಾಗದ ಹಾಸಿದ ಚಿಕ್ಕ ಡಬ್ಬಿ ಇಟ್ಟು, ಅದರತ್ತ ಕಪ್ಪು ಕಾಳುಗಳನ್ನು ಎಸೆಯುವುದು. ಡಬ್ಬಿಯೊಳಗೆ ಬಿದ್ದವು ಎಷ್ಟೆಂದು ಒಂದೇ ನೋಟಕ್ಕೆ ಹೇಳುವುದು. ಆಮೇಲೆ ಎಣಿಸಿ ತಾಳೆ ನೋಡುವುದು. ಸಾವಿರಕ್ಕೂ ಹೆಚ್ಚು ಸಲ ಮಾಡಿ ಬರೆದಿಟ್ಟುಕೊಂಡ. ಮೂರು ಕಾಳು, ನಾಲ್ಕು ಕಾಳು ಬಿದ್ದಾಗ ಒಮ್ಮೆಯೂ ತಪ್ಪಲಿಲ್ಲ. ಐದಕ್ಕೆ ಬಂದಾಗ ಅಲ್ಲೊಂದು ಇಲ್ಲೊಂದು ತಪ್ಪು. ಅಲ್ಲಿಂದ ಮುಂದೆ ಕಾಳು ಹೆಚ್ಚಿದಂತೆ ತಪ್ಪೂ ಹೆಚ್ಚುತ್ತ ಹೋಯಿತು. 'ನೇಚರ್' ಪತ್ರಿಕೆಯಲ್ಲಿ ಅಚ್ಚಾದ ಈ ಪುಟ್ಟ ಬರಹದಿಂದ ಒಂದು ದೊಡ್ಡ ವಿಷಯ ಹೊರಬಿತ್ತು: ನಾಲ್ಕರವರೆಗೆ ಮನುಷ್ಯ ಎಣಿಸುವುದೇ ಇಲ್ಲ, ಬರೀ ನೋಡುತ್ತಾನೆ. 1949ರಲ್ಲಿ ಅಮೆರಿಕದ ಮನೋವಿಜ್ಞಾನಿಗಳು ಇದಕ್ಕೆ ಸಬಿಟೈಸಿಂಗ್ ಎಂದು ಹೆಸರಿಟ್ಟರು. 'ತಟ್ಟನೆ' ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದದ್ದು. ನಾನು ಕಣ್ಣೆಣಿಕೆ ಎನ್ನುತ್ತೇನೆ. ಕಣ್ಣಳತೆ ಎಂದರೆ ಅಂದಾಜಾಗಿಬಿಡುತ್ತದೆ. ಮೂರು ಕಾಳನ್ನು ಮೂರು ಎನ್ನುವುದರಲ್ಲಿ ಅಂದಾಜಿನ ಮಾತೇ ಇಲ್ಲ.

ನಮ್ಮ ಕಟ್ಟೆಯ ಮೇಲೆ ಚೌಕಾಬಾರ ಆಡುವ ಅಜ್ಜಿಯರು ಕವಡೆ ಎಣಿಸುವುದನ್ನು ಯಾರಾದರೂ ನೋಡಿದ್ದೀರಾ? ಕವಡೆ ನೆಲಕ್ಕೆ ಬೀಳುವುದೂ ಕಾಯಿ ಮುಂದೆ ಸರಿಯುವುದೂ ಒಟ್ಟೊಟ್ಟಿಗೇ ನಡೆಯುತ್ತದೆ. ಕವಡೆ ಇರುವುದು ನಾಲ್ಕೇ. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಭಾರ, ಅಂದರೆ ಎಂಟು. ಕಣ್ಣಿಗೆ ಎಣಿಸದೆ ಸಿಗುವುದು ನಾಲ್ಕರವರೆಗೆ ಎಂದು ಆಟ ಕಟ್ಟಿದವರಿಗೆ ಗೊತ್ತಿತ್ತೋ ಇಲ್ಲವೋ, ಆಟ ಓಡುವುದಂತೂ ಆ ಮಿತಿಯೊಳಗೆ.

ನಾಲ್ಕು ದಾಟಿದ ಮೇಲೆ ಏನು? ಆರು ಕಾಳನ್ನು ಮೂರು-ಮೂರಾಗಿ ಕಂಡ ಹುಡುಗ ಮಾಡಿದ್ದು ಅದನ್ನೇ: ಕಣ್ಣಿಗೆ ನಿಲುಕುವ ಎರಡು ಗುಂಪು ಮಾಡಿ ಕೂಡಿಸಿದ. ಕೂಡುವ ಲೆಕ್ಕ ಪುಸ್ತಕದಲ್ಲಿ ಬರುವ ಮೊದಲೇ ಅವನ ಕಣ್ಣಲ್ಲಿ ಆಗಿಹೋಗಿತ್ತು. "ಹ್ಯಾಂಗ್ ಗೊತ್ತಾಯ್ತು" ಎಂಬ ಪ್ರಶ್ನೆಯಿಂದ ಅದು ಬಾಯಿಗೆ ಬರುತ್ತದೆ, ಪಕ್ಕದವರಿಗೂ ಕೇಳಿಸುತ್ತದೆ. ಉತ್ತರಕ್ಕಿಂತ ಈ ಪ್ರಶ್ನೆಗೇ ನಾನು ಹೆಚ್ಚು ಸಮಯ ಕೊಡುವುದು ಅದಕ್ಕೆ. ಎರಡನೇ ತರಗತಿಯ ಒಬ್ಬಳಿಗೆ ಎಂಟಕ್ಕೆ ಐದು ಕೂಡಿಸು ಎಂದಿದ್ದೆ. "ಎಂಟಕ್ಕ ಎರಡ್ ಹಾಕಿದ್ರ ಹತ್ತ್ರಿ, ಮೂರ್ ಉಳದ್ವು, ಹದಿಮೂರು" ಎಂದಳು. ಅವಳ ಹಿಂದೆ ಕೂತವನು ಮರುದಿನ ಒಂಬತ್ತಕ್ಕೆ ನಾಲ್ಕು ಕೂಡಿಸುವಾಗ ಅದೇ ದಾರಿ ಹಿಡಿದ. ನಾನು ಕಲಿಸಿದ್ದರೆ ಇಷ್ಟು ಬೇಗ ಹಿಡಿಯುತ್ತಿದ್ದನೋ ಇಲ್ಲವೋ.

ಹತ್ತನ್ನು ಕಣ್ಣಿಗೆ ಕೂರಿಸಲು ನಮ್ಮಲ್ಲಿ ತತ್ತಿಯ ಟ್ರೇ ಇದೆ. ಬಿಸಿಯೂಟದ ತತ್ತಿ ಬರುವುದು ಮೂವತ್ತರ ಟ್ರೇಯಲ್ಲಿ, ಐದರ ಆರು ಸಾಲು. ಎರಡೆರಡು ಸಾಲಿಗೆ ಕತ್ತರಿ ಹಾಕಿದರೆ ಹತ್ತು ಗುಳಿಯ ಮೂರು ಚೌಕಟ್ಟು ಸಿಗುತ್ತವೆ, ಪೈಸೆ ಖರ್ಚಿಲ್ಲ. ಒಂದು ಗುಳಿಗೆ ಒಂದು ಕಾಳು. ಮೇಲಿನ ಸಾಲು ತುಂಬಿ ಕೆಳಗೆ ಎರಡಿದ್ದರೆ ಏಳು ಎಂದು ಯಾರೂ ಎಣಿಸಿ ಹೇಳಬೇಕಾಗಿಲ್ಲ. ಇನ್ನು ಒಂಬತ್ತು ಕಾಳು ಇಟ್ಟಾಗ ಮಕ್ಕಳು ಕಾಳಿನ ಕಡೆ ನೋಡುವುದನ್ನೇ ಬಿಟ್ಟು ಖಾಲಿ ಇರುವ ಒಂದು ಗುಳಿಯನ್ನು ನೋಡುತ್ತಾರೆ. ತಮಾಷೆಯೆಂದರೆ ನಮ್ಮ ಭಾಷೆ ಬಹಳ ಹಿಂದೆಯೇ ಹಾಗೆ ನೋಡಿದೆ. ಒಂಬತ್ತು ಎಂಬ ಪದದೊಳಗೆ 'ಹತ್ತಕ್ಕೆ ಒಂದು ಕಡಿಮೆ' ಅಡಗಿದೆ ಎಂದು ಭಾಷಾವಿದರು ಬಿಡಿಸಿ ತೋರಿಸುತ್ತಾರೆ.

ಸಂಖ್ಯೆಯ ಹೆಸರು ಲೆಕ್ಕಕ್ಕೆ ನೆರವಾಗುವುದೂ ಉಂಟು, ಅಡ್ಡ ಬರುವುದೂ ಉಂಟು. ಕನ್ನಡದಲ್ಲಿ ಇಪ್ಪತ್ತೊಂದು, ಇಪ್ಪತ್ತೆರಡು ಎನ್ನುವಾಗ ಹತ್ತರ ಸ್ಥಾನ ಮೊದಲು, ಬಿಡಿ ಆಮೇಲೆ. ಬರೆಯುವ ಕ್ರಮವೂ ಅದೇ. ಆದರೆ ನಮ್ಮ ಜಿಲ್ಲೆಗಳಲ್ಲಿ ಮನೆಮಾತು ಒಂದೇ ಅಲ್ಲ. ದಖ್ಖನಿ ಉರ್ದು, ತಾಂಡಾಗಳಲ್ಲಿ ಲಂಬಾಣಿ, ಸೇಡಂ ಗುರುಮಠಕಲ್ ಕಡೆ ತೆಲುಗು, ಬೀದರಿನ ಔರಾದ ಭಾಲ್ಕಿ ಕಡೆ ಮರಾಠಿ. ಉರ್ದುವಿನಲ್ಲಿ 29 ಎಂದರೆ ಉಂತೀಸ್, ಮೂವತ್ತಕ್ಕೆ ಒಂದು ಕಮ್ಮಿ. ನನ್ನ ತರಗತಿಯ ಒಬ್ಬ ಹುಡುಗ ಬಾಯಲ್ಲಿ ಉಂತೀಸ್ ಎನ್ನುತ್ತ ಸ್ಲೇಟಿನಲ್ಲಿ 39 ಬರೆಯುತ್ತಿದ್ದ. ಅವನ ಕಿವಿಗೆ 'ತೀಸ್' ಬಿದ್ದಿದೆ, ಮೂರು ಬರೆದಿದ್ದಾನೆ. ಇದರಲ್ಲಿ ದಡ್ಡತನ ಎಲ್ಲಿದೆ? ಮರಾಠಿಯಲ್ಲೂ ಹೀಗೇ: 21 ಅಲ್ಲಿ ಏಕವೀಸ, ಒಂದು ಮೊದಲು, ಇಪ್ಪತ್ತು ಆಮೇಲೆ. 2019ರಲ್ಲಿ ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿಯು ಎರಡನೇ ತರಗತಿಯ ಗಣಿತದಲ್ಲಿ ಇದನ್ನು 'ವೀಸ ಏಕ' ಎಂದು ಓದಿಸಲು ಹೊರಟಾಗ ಅಲ್ಲಿ ದೊಡ್ಡ ಗದ್ದಲವೇ ಎದ್ದಿತು. ನಾನು ಭಾಷೆ ತಿದ್ದಲು ಹೋಗುವುದಿಲ್ಲ. ಹತ್ತು ಗುಳಿಯ ಎರಡು ಚೌಕಟ್ಟು ತುಂಬಿಸಿ ಮೂರನೆಯದರಲ್ಲಿ ಒಂದು ಗುಳಿ ಖಾಲಿ ಬಿಟ್ಟು, ಉರ್ದುವಿನಲ್ಲೂ ಹೇಳು, ಕನ್ನಡದಲ್ಲೂ ಹೇಳು ಎನ್ನುತ್ತೇನೆ. ಉಂತೀಸ್ ಎಂಬ ಮಾತು ಎಷ್ಟು ಚೆನ್ನಾಗಿ ಹೊಂದುತ್ತದೆ ಎಂದು ಆ ಹುಡುಗನೇ ಕಂಡುಕೊಂಡ.

ಐದು ನಿಮಿಷದಲ್ಲಿ ಏನು ಮಹಾ ಆಗುತ್ತದೆ, ಶನಿವಾರ ಒಂದು ತಾಸು ಗಟ್ಟಿಯಾಗಿ ಕೂರಿಸಿದರೆ ಸಾಲದೇ ಎಂದು ನಮ್ಮ ಹಿರಿಯ ಶಿಕ್ಷಕರೊಬ್ಬರು ಕೇಳಿದ್ದರು. ಇದಕ್ಕೆ ಉತ್ತರ 1885ರಷ್ಟು ಹಳೆಯದು. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಎಂಬಾತ ಅರ್ಥವಿಲ್ಲದ ಪದಗಳ ಸಾಲುಗಳನ್ನು ತಾನೇ ಬಾಯಿಪಾಠ ಮಾಡಿ, ತಾನೇ ಮರೆತು, ಮತ್ತೆ ಕಲಿಯಲು ಎಷ್ಟು ಶ್ರಮ ಬೇಕಾಯಿತು ಎಂದು ಅಳೆಯುತ್ತಿದ್ದ. ಒಂದೇ ದಿನ 68 ಸಲ ಹೇಳಿಕೊಂಡು ಪಡೆದ ಫಲವನ್ನು, ಮೂರು ದಿನಕ್ಕೆ ಹಂಚಿಕೊಂಡಾಗ 38 ಸಲದಲ್ಲೇ ಪಡೆದ. ಹೆಚ್ಚುಕಡಿಮೆ ಅರ್ಧ ಕೂಲಿಗೆ ಅದೇ ಕೆಲಸ. ನಡುವೆ ಸ್ವಲ್ಪ ಮರೆತು, ಮತ್ತೆ ತಡಕಾಡಿ ನೆನಪಿಸಿಕೊಂಡದ್ದು ಗಟ್ಟಿಯಾಗಿ ಕೂರುತ್ತದೆ. ನಮ್ಮ ಕರಿ ಮಣ್ಣಿನಲ್ಲಿ ನೀರು ನಿಂತರೆ ತೊಗರಿ ಕೆಡುತ್ತದೆ, ಹದವಾಗಿ ಬಿದ್ದರೆ ಏಳುತ್ತದೆ ಎಂದೆ. ಅವರು ರೈತರ ಮನೆಯವರು, ಎಬ್ಬಿಂಗ್‌ಹೌಸ್‌ಗಿಂತ ಈ ಮಾತು ಅವರಿಗೆ ಹಿಡಿಸಿತು.

ಇನ್ನೊಂದು ಕಾರಣ ನಮ್ಮ ಕಡೆಯದೇ. ಗುಳೆ ಹೋಗುವ ಮನೆಗಳಿವೆ; ಪುಣೆಗೋ ಮುಂಬೈಗೋ ಹೈದರಾಬಾದಿಗೋ ಅಪ್ಪ ಅವ್ವನ ಹಿಂದೆ ಹೋದ ಮಗು ತಿಂಗಳುಗಟ್ಟಲೆ ಬಿಟ್ಟು ಬರುತ್ತದೆ. ಪಾಠ ಎಲ್ಲೋ ಮುಂದೆ ಹೋಗಿರುತ್ತದೆ. ಕಾಳಿನ ತಟ್ಟೆಗೆ ನಿನ್ನೆಯ ಪುಟ ಎಂಬುದಿಲ್ಲ. ಬಂದ ದಿನವೇ ಆ ಮಗುವೂ ಕೂಗಬಹುದು.

ನೆಲದ ಮೇಲೆ ಸೀಮೆಸುಣ್ಣದಲ್ಲಿ ಹತ್ತು ಮನೆ ಬರೆದು ಆಡುವ ಆಟವೊಂದಿದೆ. ಅಮೆರಿಕದ ಗೀತಾ ರಮಣಿ ಮತ್ತು ರಾಬರ್ಟ್ ಸೀಗ್ಲರ್ 2008ರಲ್ಲಿ ಪ್ರಕಟಿಸಿದ ಅಧ್ಯಯನ ಓದಿದ ಮೇಲೆ ನಾನು ಶುರುಮಾಡಿದ್ದು. ಬಡ ಮನೆಗಳ ನಾಲ್ಕೈದು ವರ್ಷದ ಮಕ್ಕಳಿಗೆ ಒಂದರಿಂದ ಹತ್ತರವರೆಗೆ ಸಾಲಾಗಿ ಬರೆದ ಪಟ್ಟಿಯ ಮೇಲೆ ಕಾಯಿ ನಡೆಸುವ ಆಟ ಆಡಿಸಿದರು. ಎರಡು ವಾರದಲ್ಲಿ ನಾಲ್ಕು ಸಲ, ಸಲಕ್ಕೆ ಕಾಲು ತಾಸಿನ ಆಸುಪಾಸು. ಎಣಿಸುವುದು, ಅಂಕಿ ಗುರುತಿಸುವುದು, ಯಾವುದು ದೊಡ್ಡದು ಎನ್ನುವುದು ಎಲ್ಲದರಲ್ಲೂ ಮಕ್ಕಳು ಮೇಲೆ ಬಂದರು, ಒಂಬತ್ತು ವಾರದ ನಂತರವೂ ಅದು ಉಳಿದಿತ್ತು. ಅಂಕಿಯ ಬದಲು ಬಣ್ಣದ ಮನೆಗಳಲ್ಲಿ ಆಡಿದ ಮಕ್ಕಳಿಗೆ ಆ ಲಾಭವಾಗಲಿಲ್ಲ. ಗುಟ್ಟು ಒಂದು ಸಣ್ಣ ನಿಯಮದಲ್ಲಿದೆ. ನಾಲ್ಕನೇ ಮನೆಯಲ್ಲಿರುವ ಕಾಯಿಗೆ ಎರಡು ಬಿದ್ದರೆ "ಒಂದು, ಎರಡು" ಎನ್ನುವಂತಿಲ್ಲ. "ಐದು, ಆರು" ಎನ್ನಬೇಕು. ಚೌಕಾಬಾರದಲ್ಲಿ ಮನೆಗಳಿಗೆ ಅಂಕಿಯಿಲ್ಲ, ದಾರಿಯೂ ಸುತ್ತು ಸುತ್ತು. ಹಾಗಾಗಿ ಕವಡೆಯನ್ನು ಉಳಿಸಿಕೊಂಡು ಮನೆಯನ್ನು ಮಾತ್ರ ಬದಲಿಸಿದೆ. ಮೊದಲ ವಾರ ಎಲ್ಲರೂ "ಒಂದು, ಎರಡು" ಎಂದೇ ಜಿಗಿಯುತ್ತಿದ್ದರು, ತಿದ್ದಿ ತಿದ್ದಿ ಸಾಕಾಯಿತು.

ಗಡಿಯಾರ ಇಡುವುದಿಲ್ಲ. ಇದರಲ್ಲಿ ನನ್ನ ಸ್ವಂತ ಸಿಟ್ಟೂ ಇದೆ. ನಾನು ಕಲಿತ ಶಾಲೆಯಲ್ಲಿ ಬೆಳಿಗ್ಗೆ ಬಾಯಿಲೆಕ್ಕ ಇರುತ್ತಿತ್ತು. ಎಲ್ಲರೂ ಎದ್ದು ನಿಲ್ಲಬೇಕು, ಉತ್ತರ ಕೊಟ್ಟವರು ಕೂರಬೇಕು. ಕೊನೆಗೆ ನಿಂತವನಿಗೆ ಬೆತ್ತ. ಬಹಳ ದಿನ ಆ ಕೊನೆಯವನು ನಾನೇ. ಮನೆಯಲ್ಲಿ ಬರುವ ಲೆಕ್ಕ ಅಲ್ಲಿ ಬರುತ್ತಿರಲಿಲ್ಲ, ನೆನಪಿರುವುದು ಬೆತ್ತದ ತುದಿಗೆ ಸುತ್ತಿದ್ದ ಕೆಂಪು ದಾರ ಮಾತ್ರ. 2012ರಲ್ಲಿ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಏಳರಿಂದ ಒಂಬತ್ತು ವರ್ಷದ ಮಕ್ಕಳ ಮಿದುಳನ್ನು ಅವರು ಲೆಕ್ಕ ಮಾಡುತ್ತಿರುವಾಗಲೇ ಸ್ಕ್ಯಾನ್ ಮಾಡಿದರು. ಗಣಿತವೆಂದರೆ ಹೆದರುವ ಮಕ್ಕಳಲ್ಲಿ ಭಯಕ್ಕೆ ಸಂಬಂಧಿಸಿದ ಅಮಿಗ್ಡಲಾ ಎಂಬ ಭಾಗ ಹೆಚ್ಚು ಚುರುಕಾಗಿತ್ತು, ಲೆಕ್ಕಕ್ಕೆ ಬೇಕಾದ ಭಾಗಗಳ ಚಟುವಟಿಕೆ ತಗ್ಗಿತ್ತು. ಲೆಕ್ಕ ಮಾಡುವಾಗ ನಡುವಿನ ಅಂಕಿಗಳನ್ನು ಹಿಡಿದಿಟ್ಟುಕೊಳ್ಳಲು ಮನಸ್ಸಿನಲ್ಲಿರುವ ಜಾಗ ಮೊದಲೇ ಇಕ್ಕಟ್ಟು. ಅದನ್ನೂ ಹೆದರಿಕೆ ಬಂದು ಆಕ್ರಮಿಸಿದರೆ ಏಳು ಎಲ್ಲಿ ಕೂರಬೇಕು, ಎಂಟು ಎಲ್ಲಿ ಕೂರಬೇಕು?

ಹಾಗೆಂದು ಮಗ್ಗಿ ಬೇಡ ಎನ್ನುವವರ ಜೊತೆ ನಾನಿಲ್ಲ. ತರಬೇತಿಗಳಲ್ಲಿ ಬಾಯಿಪಾಠವೆಂದರೆ ಮೂಗು ಮುರಿಯುವುದು ಒಂದು ಫ್ಯಾಷನ್ ಆಗಿದೆ. ಇಕ್ಕಟ್ಟಾದ ಆ ಜಾಗದಲ್ಲಿ ಏಳೆಂಟ್ಲ ಐವತ್ತಾರು ತಾನಾಗಿ ಬಂದು ನಿಂತರೆ ಉಳಿದ ಜಾಗ ಯೋಚನೆಗೆ ಸಿಗುತ್ತದೆ. ನಮ್ಮ ಸಂತೆಯ ಹಿರಿಯರು ದೀಡ, ಅಡೀಚ ಎಂದು ಒಂದೂವರೆ, ಎರಡೂವರೆಯ ಲೆಕ್ಕವನ್ನು ಕ್ಯಾಲ್ಕುಲೇಟರ್ ಮುಟ್ಟದೆ ಹೇಳುವುದು ಬಾಯಿಪಾಠದ ಬಲದಿಂದಲೇ. ಮಗ್ಗಿ ಇರಲಿ, ಬೆತ್ತ ಬೇಡ.

ನಮ್ಮ ತಾಲ್ಲೂಕಿನದೇ ಊರು ಮಳಖೇಡ. ಕಾಗಿಣಾ ನದಿಯ ದಂಡೆಯ ಆ ಕೋಟೆ ಇರುವಲ್ಲೇ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ ಇತ್ತು. ಒಂಬತ್ತನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿದ್ದ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ಬರೆದ. ಅದರಲ್ಲಿ ಹಾರದಂತೆ ಎರಡೂ ಕಡೆಯಿಂದ ಒಂದೇ ಬಗೆಯಾಗಿ ಕಾಣುವ ಗುಣಲಬ್ಧಗಳಿವೆ: 139ನ್ನು 109ರಿಂದ ಗುಣಿಸಿದರೆ 15151. ಗುಣಾಕಾರ ನನ್ನ ಪುಟಾಣಿಗಳಿಗೆ ದೂರದ ಮಾತು, ಹಾರ ಮಾತ್ರ ದೂರದ್ದಲ್ಲ. ಹತ್ತರಿಂದ ತೊಂಬತ್ತೊಂಬತ್ತರ ನಡುವೆ ಅಂಥ ಹಾರಗಳು ಎಷ್ಟಿವೆ ಎಂದು ಒಂದು ಸೋಮವಾರ ಕೇಳಿದೆ. 11, 22, 33 ಎಂದು ಶುರುವಾಗಿ 99ಕ್ಕೆ ನಿಂತು, ಒಂಬತ್ತು ಎಂದು ಕೂಗಿದರು. ಅಷ್ಟರಲ್ಲಿ ಹಿಂದಿನ ಸಾಲಿನ ಒಬ್ಬ, "ನೂರಾ ಒಂದೂ ಹಾರ್‍ರೀ ಸರ" ಎಂದ. ನಾನು ನೂರರ ಆಚೆ ಕೇಳಿಯೇ ಇರಲಿಲ್ಲ.

ಮೊನ್ನೆ ಅದೇ ಹುಡುಗ ಬಾಟಲಿ ತನ್ನ ಕೈಗೆ ಕೊಡಿ ಎಂದ. "ಇವತ್ ನಾ ಚೆಲ್ತೀನ್ರಿ, ನೀವ್ ಹೇಳ್ರಿ." ತಟ್ಟೆ ಎತ್ತಿ ತೋರಿಸಿ ನನಗಿಂತ ಚುರುಕಾಗಿ ಕರವಸ್ತ್ರ ಮುಚ್ಚಿದ. ಎಂಟು ಎಂದೆ. ತೆಗೆದು ಎಣಿಸಿದರೆ ಒಂಬತ್ತು. ಕೋಣೆಗೆ ಕೋಣೆಯೇ ನಕ್ಕಿತು. ಹುಡುಗ ಮಾತ್ರ ನಗದೆ, ಸೊಂಟದ ಮೇಲೆ ಕೈಯಿಟ್ಟು ಕೇಳಿದ:

"ಎಂಟ್ ಅಂತ ನಿಮಗ ಹ್ಯಾಂಗ್ ಗೊತ್ತಾಯ್ತ್ರಿ ಸರ?"