ಕೈಕೆಲಸ ಬಿಟ್ಟು ಟಿವಿ ನೋಡುವವರು ಯಾರು? ಮೊದಲ ಧಾರಾವಾಹಿಯ ಕಥೆ

ಸಂಜೆ ಧಾರಾವಾಹಿ ಶುರುವಾದರೆ ನಮ್ಮ ಎಷ್ಟೋ ಮನೆಗಳಲ್ಲಿ ಅದನ್ನು ನೋಡುವುದಕ್ಕಿಂತ ಕೇಳುವುದೇ ಜಾಸ್ತಿ. ಒಲೆ ಮೇಲೆ ಸಾರು, ಕಿವಿ ಹಾಲ್‌ನಲ್ಲಿ. ಅಡುಗೆಮನೆಯಲ್ಲಿ ಇರುವವರಿಗೂ ಕಥೆ ತಪ್ಪಬಾರದು ಅನ್ನುವ ಚಿಂತೆ ಟಿವಿ ಧಾರಾವಾಹಿಯಷ್ಟೇ ಹಳೆಯದು.

ಅಮೆರಿಕದ ನೆಟ್‌ವರ್ಕ್ ಟಿವಿಯ ಮೊದಲ ಧಾರಾವಾಹಿ ‘ಫಾರ್‌ಅವೇ ಹಿಲ್’. ಡುಮಾಂಟ್ ನೆಟ್‌ವರ್ಕ್‌ನಲ್ಲಿ 1946ರ ಅಕ್ಟೋಬರ್ 2ರಂದು ಶುರುವಾಗಿ ಡಿಸೆಂಬರ್ 18ಕ್ಕೆ ಮುಗಿದೇ ಹೋಯಿತು. ಬುಧವಾರ ರಾತ್ರಿ ಅರ್ಧ ಗಂಟೆ, ನ್ಯೂಯಾರ್ಕ್ ಮತ್ತು ವಾಷಿಂಗ್ಟನ್‌ನಲ್ಲಿ ಮಾತ್ರ. ವಾರದ ಖರ್ಚು ಬರೀ 300 ಡಾಲರ್.

ನಾಯಕಿ ಕ್ಯಾರೆನ್ ನ್ಯೂಯಾರ್ಕಿನ ಸಿರಿವಂತ ಹೆಂಗಸು. ಫ್ಲೋರಾ ಕ್ಯಾಂಪ್‌ಬೆಲ್ ಮಾಡಿದ ಪಾತ್ರ. ಗಂಡ ತೀರಿಕೊಂಡ ಮೇಲೆ ಅವಳು ಹಳ್ಳಿಯ ನೆಂಟರ ಮನೆಗೆ ಬರುತ್ತಾಳೆ. ಪೇಟೆಯ ರೀತಿಗೂ ಹಳ್ಳಿಯ ರೀತಿಗೂ ಹೊಂದುವುದಿಲ್ಲ. ಸಾಲದ್ದಕ್ಕೆ, ಬೇರೊಬ್ಬಳ ಜೊತೆ ಮದುವೆ ಗೊತ್ತಾದವನ ಮೇಲೆ ಇವಳಿಗೆ ಮನಸ್ಸಾಗುತ್ತದೆ. ಇವತ್ತಿಗೂ ಓಡುವ ಕಥೆ, ಅಲ್ವಾ?

ಆದರೆ ತೊಡಕು ಕಥೆಯದಾಗಿರಲಿಲ್ಲ. 1930ರಲ್ಲಿ ಷಿಕಾಗೋದ ಇರ್ನಾ ಫಿಲಿಪ್ಸ್ ‘ಪೇಂಟೆಡ್ ಡ್ರೀಮ್ಸ್’ ಬರೆದಾಗಿನಿಂದ ರೇಡಿಯೋ ಧಾರಾವಾಹಿ ಹೆಂಗಸರ ಕೆಲಸದ ಜೊತೆಗೇ ಬೆಳೆದಿತ್ತು. ಸಾಬೂನು ಕಂಪನಿಗಳು ದುಡ್ಡು ಹಾಕಿದ್ದೂ ಅದಕ್ಕೇ. ಬಟ್ಟೆ ಒಗೆಯುತ್ತಾ ರೇಡಿಯೋ ಕೇಳಬಹುದು. ಟಿವಿಗೆ ಕಣ್ಣೂ ಬೇಕು.

ಬರೆದು ನಿರ್ದೇಶಿಸಿದ ಡೇವಿಡ್ ಪಿ. ಲೂಯಿಸ್ ಇದಕ್ಕೊಂದು ದಾರಿ ಹುಡುಕಿದರು. ಕ್ಯಾರೆನ್‌ಳ ಮನಸ್ಸಿನ ಮಾತನ್ನು ತೆರೆಯ ಹಿಂದಿನ ದನಿಯೊಂದು ಹೇಳುತ್ತಿತ್ತು. ನೋಡುವವರು ತಲೆ ತಗ್ಗಿಸಿ ಕೆಲಸ ಮಾಡಿದರೂ ಕಥೆ ಕೈತಪ್ಪುತ್ತಿರಲಿಲ್ಲ. ಮನೆಗೆಲಸ ಮಾಡುವವರ ದಿನ ಹೇಗಿರುತ್ತದೆ ಅಂತ ಯೋಚಿಸಿ ಮಾಡಿದ ಈ ಉಪಾಯ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಅದನ್ನು ಈಗ ನೋಡುವಂತಿಲ್ಲ ಅನ್ನುವುದೇ ಬೇಸರ. ಎಲ್ಲವೂ ನೇರ ಪ್ರಸಾರ. ಟಿವಿ ಪರದೆಯನ್ನು ಫಿಲ್ಮ್‌ಗೆ ಹಿಡಿಯುವ ಕಿನೆಸ್ಕೋಪ್ ಬಂದದ್ದು 1947ರಲ್ಲಿ.

1949ರಲ್ಲಿ ಇರ್ನಾ ಅವರೇ ಟಿವಿಗೆ ಬರೆದ ಧಾರಾವಾಹಿ ತಿಂಗಳೊಪ್ಪತ್ತಿನಲ್ಲಿ ನಿಂತಿತು. 1951ರಲ್ಲಿ ಬಂದ ‘ಸರ್ಚ್ ಫಾರ್ ಟುಮಾರೋ’ ಮಾತ್ರ ಗಟ್ಟಿಯಾಗಿ ನಿಂತು 35 ವರ್ಷ ನಡೆಯಿತು. ಮರುವರ್ಷ ಇರ್ನಾ ತಮ್ಮ ರೇಡಿಯೋ ಧಾರಾವಾಹಿ ‘ಗೈಡಿಂಗ್ ಲೈಟ್’ ಅನ್ನು ಟಿವಿಗೆ ತಂದರು, ಆದರೆ ರೇಡಿಯೋವನ್ನು ಬಿಡಲಿಲ್ಲ. 1956ರವರೆಗೆ ಅದು ಎರಡರಲ್ಲೂ ಬಂತು. ಕೂತು ನೋಡಲು ಪುರುಸೊತ್ತಿಲ್ಲದವರು ಮೊದಲಿನಂತೆ ಕೇಳಿಸಿಕೊಂಡರು.