ಕಂಬಳದ ಓಟ ಪ್ಯಾನ್ ಮಾಡುವಾಗ ಸ್ಟೆಬಿಲೈಸೇಶನ್ ಆನ್ ಇರಬೇಕಾ?

ಪ್ರಶ್ನೆ: ಕಟಪಾಡಿ ಕಂಬಳದಲ್ಲಿ 1/30 ಸೆಕೆಂಡ್ ಶಟರ್‌ನಲ್ಲಿ ಪ್ಯಾನ್ ಮಾಡಿದೆ, ಅಂದರೆ ಓಡುವ ಕೋಣಗಳ ಜೊತೆಗೇ ಕ್ಯಾಮೆರಾ ತಿರುಗಿಸುತ್ತಾ ತೆಗೆದೆ. ಹಿಂದಿದ್ದ ಜನರ ಜೊತೆ ಕೋಣಗಳೂ ಮಸುಕಾದವು. ಕೈ ನಡುಕ ಸರಿಪಡಿಸುವ ಲೆನ್ಸಿನ ಸ್ಟೆಬಿಲೈಸೇಶನ್ ಆನ್ ಇತ್ತು. ಆಫ್ ಮಾಡಬೇಕಿತ್ತಾ?

ಲೆನ್ಸಿನ ಮೇಲೆ ಸ್ಟೆಬಿಲೈಸೇಶನ್‌ನ ಮೋಡ್ 2 (ಪ್ಯಾನಿಂಗ್‌ಗೆ ಇರುವ ಮೋಡ್) ಇದ್ದರೆ ಅದಕ್ಕೆ ಹಾಕಿ. ಪ್ಯಾನಿಂಗ್‌ಗೆ ಅಂತ ಏನೂ ಇಲ್ಲದಿದ್ದರೆ ಆಫ್ ಮಾಡುವುದೇ ಒಳ್ಳೆಯದು.

ಲೆನ್ಸಿನೊಳಗೆ ಪುಟ್ಟ ಗೈರೋ ಸೆನ್ಸರ್‌ಗಳಿರುತ್ತವೆ. ಕ್ಯಾಮೆರಾ ಅಲುಗಿದ ಕೂಡಲೇ ಒಳಗಿನ ಒಂದು ಗಾಜು ಎದುರು ದಿಕ್ಕಿಗೆ ಸರಿಯುತ್ತದೆ. ಕೈ ನಡುಗಿದ್ದು ಯಾವುದು, ನೀವು ಬೇಕಂತಲೇ ತಿರುಗಿಸಿದ್ದು ಯಾವುದು ಅಂತ ಮಾಮೂಲಿ ಮೋಡ್ 1ಕ್ಕೆ ಗೊತ್ತಾಗುವುದಿಲ್ಲ. ನೀವು ಕೋಣದ ಜೊತೆ ಬಲಕ್ಕೆ ತಿರುಗುತ್ತೀರಿ, ಅದು ಚಿತ್ರವನ್ನು ಹಿಂದಕ್ಕೆ ಎಳೆಯುತ್ತದೆ. ಗಾಜು ಸರಿಯುವ ಜಾಗ ಮುಗಿದಾಗ ವ್ಯೂಫೈಂಡರ್‌ನಲ್ಲಿ ಚಿತ್ರ ಥಟ್ಟನೆ ಜಿಗಿಯುತ್ತದೆ. ಮನೆ ಎದುರಿನ ರಸ್ತೆಯಲ್ಲಿ ಹೋಗುವ ಬಸ್ಸನ್ನು ಹಿಂಬಾಲಿಸಿ ನೋಡಿ, ಆ ಜಿಗಿತ ಕಣ್ಣಿಗೇ ಕಾಣುತ್ತದೆ.

ಮೋಡ್ 2 ಅಡ್ಡ ತಿರುವನ್ನು ಸುಮ್ನೆ ಬಿಟ್ಟುಬಿಡುತ್ತದೆ, ಮೇಲೆ-ಕೆಳಗಿನ ಅಲುಗಾಟ ಮಾತ್ರ ಹಿಡಿಯುತ್ತದೆ. ಕರೆಯ (ಕೋಣಗಳು ಓಡುವ ಕೆಸರು ಗದ್ದೆಯ) ಬದಿಯಲ್ಲಿ ಜನರ ನೂಕಾಟದ ನಡುವೆ ನಿಲ್ಲುವವರಿಗೆ ಇದು ದೊಡ್ಡ ಉಪಕಾರ. ನಿಕಾನ್‌ನ ನಾರ್ಮಲ್ ವಿಆರ್ (ಅವರ ಸ್ಟೆಬಿಲೈಸೇಶನ್‌ನ ಹೆಸರು ವಿಆರ್) ಪ್ಯಾನಿಂಗನ್ನು ತಾನೇ ಗುರುತಿಸುತ್ತದೆ. ಅದರ ಆಕ್ಟಿವ್ ಮೋಡ್ ಓಡುವ ವಾಹನದಿಂದ ತೆಗೆಯುವುದಕ್ಕೆ, ಇಲ್ಲಿಗೆ ಬೇಡ.

ಆದರೆ ನಿಮ್ಮ ಫೋಟೋ ಕೆಟ್ಟದ್ದಕ್ಕೆ ಅದೊಂದೇ ಕಾರಣ ಇರಲಾರದು. 2020ರಲ್ಲಿ ಐಕಳ ಕಂಬಳದಲ್ಲಿ ಕೋಣ ಓಡಿಸುವ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು 13.62 ಸೆಕೆಂಡಿನಲ್ಲಿ ಓಡಿದ್ದು ನೆನಪಿದೆ ಅಲ್ವಾ? ಆ ವೇಗದಲ್ಲಿ 1/30 ಸೆಕೆಂಡಿಗೆ ಕೋಣ ಸುಮಾರು 35 ಸೆಂಟಿಮೀಟರ್, ಅಂದರೆ ಒಂದೂವರೆ ಗೇಣು ಮುಂದೆ ಹೋಗಿರುತ್ತದೆ. ಅಷ್ಟೂ ದೂರ ನಿಮ್ಮ ಸೊಂಟ ಅದೇ ವೇಗದಲ್ಲಿ ತಿರುಗಬೇಕು. ಯಾವ ಸ್ಟೆಬಿಲೈಸೇಶನ್ನೂ ಆ ಕೆಲಸ ಮಾಡಿಕೊಡುವುದಿಲ್ಲ. 1/125ರಿಂದ ಶುರು ಮಾಡಿ, ಕೈ ಕುದುರಿದ ಮೇಲೆ 1/60, ಆಮೇಲೆ 1/30. ಕೋಣಗಳು ಗಂತು (ಓಟ ಶುರುವಾಗುವ ಜಾಗ) ಬಿಟ್ಟಾಗಲೇ ಬಟನ್ ಅರ್ಧ ಒತ್ತಿ ಹಿಂಬಾಲಿಸಿ, ಕ್ಲಿಕ್ ಆದ ಮೇಲೂ ತಿರುಗುತ್ತಲೇ ಇರಿ. ಕಾಲು ಮಸುಕಾದರೆ ಚಿಂತೆಯಿಲ್ಲ, ಕಣ್ಣು ಮತ್ತು ಮೂಗುದಾರ ಚೊಕ್ಕ ಬಂದರೆ ಸಾಕು.

ನಿಲ್ಲುವುದು ಕರೆಯ ನಡುಭಾಗದ ಬದಿಯಲ್ಲಿ. ಓಟ ಮುಗಿಯುವ ಮಂಜೊಟ್ಟಿಯಲ್ಲಿ ಕೋಣಗಳು ನೇರ ಮುಖಕ್ಕೇ ಬರುತ್ತವೆ, ಅಲ್ಲಿ ಪ್ಯಾನ್ ಮಾಡಲು ಏನೂ ಉಳಿಯುವುದಿಲ್ಲ.

ಹಲಗೆಯ ಮೇಲೆ ನಿಂತು ನೀರು ಚಿಮ್ಮಿಸುವ ಕನೆಹಲಗೆ ಓಟಕ್ಕೆ ಮಾತ್ರ ಪ್ಯಾನಿಂಗ್ ಬಿಟ್ಟುಬಿಡಿ. ಅಲ್ಲಿ ನೋಡಬೇಕಾದ್ದು ಮೇಲಕ್ಕೆ ಚಿಮ್ಮುವ ನೀರು. ಶಟರ್ 1/1000ಕ್ಕೆ ಏರಿಸಿ, ಮೇಲೆ ಕಟ್ಟಿದ ನಿಶಾನೆಯ ಬಟ್ಟೆಗೆ ನೀರು ತಾಗುವ ಕ್ಷಣಕ್ಕೆ ಕಾಯಿರಿ.